ಅಳಿಸಿದ್ದು ಉಳಿಯಿತು, ಉಳಿಸಿದ್ದು ಅಳಿಯಿತು

ನಮ್ಮ ಆಫೀಸಿನ ಮೀಟಿಂಗ್ ರೂಮಿನ ಗೋಡೆ ಮೇಲೆ ಒಂದು ಚಿತ್ರ ತೂಗುಹಾಕಿದ್ದಾರೆ. ದುಂಡಗೆ ಆರು ಡಬ್ಬಿ, ಒಂದರಿಂದ ಇನ್ನೊಂದಕ್ಕೆ ಬಾಣ. ಹುಟ್ಟು, ಶೇಖರಣೆ, ಬಳಕೆ, ಹಂಚಿಕೆ, ಆರ್ಕೈವ್, ನಾಶ. ಮೇಲೆ ದಪ್ಪ ಅಕ್ಷರದಲ್ಲಿ ‘ಡೇಟಾ ಲೈಫ್‌ಸೈಕಲ್’. ನಾನು ಡೇಟಾಬೇಸ್ ಕಾಯುವ ಕೆಲಸಕ್ಕೆ ಸೇರಿ 14 ವರ್ಷ ಆಯಿತು. ಮೊದಲ ಐದು ಡಬ್ಬಿಗಳನ್ನು ಕಣ್ಣಾರೆ ಕಂಡಿದ್ದೇನೆ. ಆರನೆಯದನ್ನು ಕಂಡವರು ನಮ್ಮಲ್ಲಿ ಯಾರೂ ಇಲ್ಲ. ಆ ‘ನಾಶ’ ಅನ್ನುವ ಡಬ್ಬಿಯ ಬಣ್ಣವೇ ಸ್ವಲ್ಪ ಮಂಕು. ಪ್ರಿಂಟರ್‌ನಲ್ಲಿ ಇಂಕ್ ಮುಗಿದಿತ್ತೋ, ಬಿಡಿಸಿದವರಿಗೇ ನಂಬಿಕೆ ಇರಲಿಲ್ಲವೋ.

ಹುಟ್ಟಿನಿಂದಲೇ ಶುರು ಮಾಡೋಣ. ಮನುಷ್ಯ ಒಂದು ಸಲ ಹುಟ್ಟುತ್ತಾನೆ. ಗ್ರಾಹಕ ಹಾಗಲ್ಲ. ಸೇಲ್ಸ್‌ನವರ ಸಿಸ್ಟಮ್‌ನಲ್ಲಿ ಒಂದು ಸಲ, ಬಿಲ್ಲಿಂಗ್‌ನಲ್ಲಿ ಒಂದು ಸಲ, ಸಪೋರ್ಟ್‌ನವರು ಟಿಕೆಟ್ ತೆರೆದಾಗ ಇನ್ನೊಂದು ಸಲ. ಮೂರು ಕಡೆ ಮೂರು ಸ್ಪೆಲ್ಲಿಂಗ್. ಐಬಿಎಂ ಕಂಪ್ಯೂಟರ್ ಕಂಪನಿಯಲ್ಲಿದ್ದ ಎಡ್ಗರ್ ಕಾಡ್ 1970ರಲ್ಲಿ ರಿಲೇಶನಲ್ ಮಾದರಿಯ ಬಗ್ಗೆ, ಅಂದರೆ ಡೇಟಾವನ್ನು ಒಂದಕ್ಕೊಂದು ಹೊಂದುವ ಟೇಬಲ್‌ಗಳಲ್ಲಿ ಜೋಡಿಸಿಡುವ ಬಗ್ಗೆ, ಪೇಪರ್ ಬರೆದರು. ಅಲ್ಲಿಂದ ಬೆಳೆದ ಪಾಠದ ತಿರುಳು ಇಷ್ಟೇ: ಒಂದು ಸಂಗತಿಯನ್ನು ಒಂದೇ ಕಡೆ ಬರೆದಿಡಿ. ಐವತ್ತು ವರ್ಷ ದಾಟಿತು. ನಾವು ಆ ಪಾಠವನ್ನೂ ಮೂರು ಕಡೆ ಬರೆದಿಟ್ಟಿದ್ದೇವೆ. ಮೂರೂ ಬೇರೆ ಬೇರೆ ಥರ ಇವೆ.

ಇನ್ನು ಹುಟ್ಟಿದ ತಾರೀಕಿನ ಕಥೆ. ಫಾರ್ಮ್‌ನಲ್ಲಿ ಅದು ಕಡ್ಡಾಯ. ಗೊತ್ತಿಲ್ಲ ಅಂತ ಬಿಟ್ಟರೆ ಪೇಜ್ ಮುಂದಕ್ಕೆ ಹೋಗುವುದಿಲ್ಲ. ಟೈಪ್ ಮಾಡುವವರಿಗೂ ಮನೆಗೆ ಹೋಗಬೇಕಲ್ಲ, 01-01-1900 ಅಂತ ಒತ್ತಿ ಮುಂದಕ್ಕೆ ಹೋಗುತ್ತಾರೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಗುಣ ನಮ್ಮ ಟೇಬಲ್‌ಗಳದ್ದು (ಡೇಟಾಬೇಸ್‌ನಲ್ಲಿ ಸಾಲು, ಕಾಲಂ ಇರುವ ಪಟ್ಟಿಗೆ ಟೇಬಲ್ ಅನ್ನುತ್ತೇವೆ), ತಗೊಂಡು ಕಟ್ಟಿಕೊಳ್ಳುತ್ತವೆ. ಹಾಗಾಗಿ ನಮ್ಮ ಗ್ರಾಹಕರಲ್ಲಿ ನೂರಿಪ್ಪತ್ತು ದಾಟಿದವರು ಸಾವಿರಾರು ಜನ, ಎಲ್ಲರೂ ಒಂದೇ ದಿನ ಹುಟ್ಟಿದವರು. ಜನವರಿ 1ಕ್ಕೆ ಅವರಿಗೆಲ್ಲ ಶುಭಾಶಯದ ಮೆಸೇಜ್ ಕಳಿಸುವಷ್ಟರಲ್ಲಿ ನಮ್ಮ ಸರ್ವರ್‌ಗೆ ಏದುಸಿರು ಬರುತ್ತದೆ.

ಆ ತುದಿ ಹಾಗಾದರೆ ಈ ತುದಿ ಇನ್ನೂ ಚೆಂದ. ‘ಕೊನೆಯ ದಿನ’ ಅಂತ ಒಂದು ಕಾಲಂ ಇದೆ. ಒಪ್ಪಂದ ಯಾವಾಗ ಮುಗಿಯುತ್ತದೆ ಅಂತ ಗೊತ್ತಿಲ್ಲದಿದ್ದರೆ ಅಲ್ಲಿ 31-12-9999 ಹಾಕುವುದು ವಾಡಿಕೆ. ನಮ್ಮಲ್ಲಿ ಮಾತ್ರ ಅಲ್ಲ, ಎಲ್ಲ ಕಡೆಯೂ. ಹಿಂದೆ ಜಾಗ ಉಳಿಸಬೇಕು ಅಂತ ವರ್ಷಕ್ಕೆ ಎರಡೇ ಅಂಕಿ ಇಟ್ಟಿದ್ದರು, 2000 ಇಸವಿ ಬಂದಾಗ ‘00’ ಅನ್ನುವುದನ್ನು ಯಂತ್ರ 1900 ಅಂತ ಓದಿಬಿಟ್ಟರೆ ಅಂತ ಲೋಕವೆಲ್ಲ ಹೆದರಿ ಕೂತಿತ್ತು. ಅದರಿಂದ ನಾವು ಕಲಿತದ್ದು ಏನು ಅಂದರೆ, ತೊಂದರೆಯನ್ನು ಇನ್ನೊಂದು ಎಂಟು ಸಾವಿರ ವರ್ಷ ಮುಂದೆ ತಳ್ಳುವುದು. ಆವತ್ತು ರಾತ್ರಿ ಡ್ಯೂಟಿಯಲ್ಲಿ ಇರುವವನನ್ನು ನೆನೆಸಿಕೊಂಡರೆ ಹೊಟ್ಟೆ ಚುರುಕ್ ಅನ್ನುತ್ತದೆ.

ಬಳಕೆ, ಹಂಚಿಕೆ ಅನ್ನುವ ಡಬ್ಬಿಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎರಡನ್ನೂ ಸೇರಿಸಿ ಎಕ್ಸೆಲ್ ಅನ್ನುತ್ತಾರೆ. ಅಷ್ಟು ಖರ್ಚು ಮಾಡಿ ಡೇಟಾಬೇಸ್ ಕಟ್ಟಿಸುವುದು, ಆಮೇಲೆ ‘ಇದನ್ನ ಎಕ್ಸೆಲ್‌ಗೆ ಹಾಕಿ ಕೊಡಿ’ ಅನ್ನುವುದು. 2020ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನಲ್ಲಿ ಹತ್ತಿರ ಹತ್ತಿರ 16,000 ಕೋವಿಡ್ ಪ್ರಕರಣಗಳು ದಿನದ ಲೆಕ್ಕದಿಂದ ತಪ್ಪಿಹೋದವು. ಹಳೇ ಎಕ್ಸೆಲ್ ಫೈಲ್‌ನಲ್ಲಿ 65,536 ಸಾಲು ಮಾತ್ರ ಹಿಡಿಯುತ್ತದೆ, ಅದಕ್ಕಿಂತ ಮುಂದಿನದನ್ನು ಫೈಲ್ ತೆಗೆದುಕೊಳ್ಳಲೇ ಇಲ್ಲ. ಯಾರೂ ಅಳಿಸು ಅಂತ ಹೇಳಿರಲಿಲ್ಲ. ಮೀಟಿಂಗ್ ಇಲ್ಲ, ಸಹಿ ಇಲ್ಲ, ಅನುಮತಿ ಇಲ್ಲ. ಹೋಗಬಾರದ ಡೇಟಾ ಹೋಗಬೇಕು ಅಂತ ಮನಸ್ಸು ಮಾಡಿದರೆ ಎಷ್ಟು ಸಲೀಸು ನೋಡಿ.

ಹೋಗಬೇಕಾದ್ದನ್ನು ಕಳಿಸಿ ನೋಡೋಣ ಈಗ.

ಡೇಟಾಬೇಸ್‌ನಲ್ಲಿ ಡಿಲೀಟ್ ಅಂತ ಒಂದು ಕಮಾಂಡ್ ಇದೆ. ಆದರೆ ಮರ್ಯಾದಸ್ಥರು ಅದನ್ನು ಬಳಸುವುದಿಲ್ಲ. ಅವರು ‘ಸಾಫ್ಟ್ ಡಿಲೀಟ್’ ಮಾಡುತ್ತಾರೆ. ಅಂದರೆ, ಸಾಲು ಇದ್ದಲ್ಲೇ ಇರುತ್ತದೆ, ಪಕ್ಕದಲ್ಲಿ ‘ಇಸ್_ಡಿಲೀಟೆಡ್’ ಅಂತ ಒಂದು ಕಾಲಂ, ಅದರಲ್ಲಿ ‘ವೈ’ ಅಂತ ಬರೆದರೆ ಆಯಿತು, ಅಳಿಸಿದ ಹಾಗೆ. ಕಣ್ಣಿಗೆ ಮಣ್ಣೆರಚುವುದಕ್ಕೆ ಇಷ್ಟು ಮೆತ್ತನೆಯ ಹೆಸರು ಬೇರೆ ಯಾವ ಕಸುಬಿನಲ್ಲೂ ಇರಲಿಕ್ಕಿಲ್ಲ.

ಒಂದು ಮಧ್ಯಾಹ್ನ ಕೆಲಸ ಇರಲಿಲ್ಲ, ಆ ಕಾಲಂ ಒಳಗೆ ಏನೇನಿದೆ ಅಂತ ಸುಮ್ನೆ ಎಣಿಸಿದೆ. ಹೌದು ಅಥವಾ ಇಲ್ಲ, ಎರಡೇ ಉತ್ತರ ಇರಬೇಕಾದ ಜಾಗ. ಸಿಕ್ಕಿದ್ದು ಹನ್ನೊಂದು ಥರದ್ದು. ದೊಡ್ಡ ವೈ, ಚಿಕ್ಕ ವೈ, ದೊಡ್ಡ ಎನ್, ಚಿಕ್ಕ ಎನ್, 1, 0, ‘ಯೆಸ್’, ಕೊನೆಗೊಂದು ಸ್ಪೇಸ್ ಇರುವ ‘ಯೆಸ್’, ಖಾಲಿ, ನಲ್. ಹನ್ನೊಂದನೆಯದು ಒಂದೇ ಒಂದು ಸಾಲಿನಲ್ಲಿತ್ತು: ‘ಮೇಬಿ’. ಈ ಗ್ರಾಹಕ ಇದ್ದಾನೋ ಹೋದನೋ ಅಂತ ಅವನನ್ನೇ ಕೇಳಿಬಿಡೋಣ ಅಂತ ಫೋನ್ ನಂಬರ್ ತೆಗೆದೆ. 9999999999.

ನಲ್ ಬಗ್ಗೆ ಒಂದು ಮಾತು. ಇದು ಗೊತ್ತಿಲ್ಲದೆ ಎಷ್ಟೋ ರಿಪೋರ್ಟ್‌ಗಳು ಸತ್ತಿವೆ. ‘ವೈ ಅಲ್ಲದವರನ್ನೆಲ್ಲ ತೋರಿಸು’ ಅಂದರೆ, ನಲ್ ಇರುವ ಸಾಲುಗಳೂ ಬರುತ್ತವೆ ಅಂತ ನಾವು ಅಂದುಕೊಳ್ಳುತ್ತೇವೆ. ಬರುವುದಿಲ್ಲ. ನಲ್ ಅಂದರೆ ಗೊತ್ತಿಲ್ಲ ಅಂತ ಅರ್ಥ, ಗೊತ್ತಿಲ್ಲದ್ದು ವೈಗೆ ಸಮವೂ ಅಲ್ಲ, ಅಸಮವೂ ಅಲ್ಲ. ಹಾಗಾಗಿ ಯಾರೂ ಮುಟ್ಟದ, ಯಾರೂ ಅಳಿಸದ ಗ್ರಾಹಕರು ಪಟ್ಟಿಯಿಂದ ಮಾಯ, ‘ಯೆಸ್ ಸ್ಪೇಸ್’ ಆಗಿ ಅಳಿಸಿಹೋದವರು ಪಟ್ಟಿಯಲ್ಲಿ ಹಾಜರು. ಮಾರ್ಕೆಟಿಂಗ್‌ನವರು ಆ ಪಟ್ಟಿ ಹಿಡಿದು ಮೇಲ್ ಕಳಿಸುತ್ತಾರೆ. ನನ್ನನ್ನು ಬಿಟ್ಟುಬಿಡಿ ಅಂತ ಬೇಡಿಕೊಂಡವರಿಗೆ ‘ನಿಮ್ಮನ್ನು ಮಿಸ್ ಮಾಡಿಕೊಳ್ಳುತ್ತಿದ್ದೇವೆ’ ಅಂತ ಮೇಲ್ ಹೋಗುವುದು ಹೀಗೆ.

ಯುರೋಪಿನವರು 2018ರ ಮೇ 25ರಿಂದ ಜಿಡಿಪಿಆರ್ ಅನ್ನುವ ಮಾಹಿತಿ ರಕ್ಷಣೆಯ ಕಾನೂನು ಜಾರಿ ಮಾಡಿದರು. ಅದರ 17ನೇ ಕಲಮಿನಲ್ಲಿ, ನನ್ನ ಮಾಹಿತಿ ಅಳಿಸಿ ಅಂತ ಕೇಳುವ ಹಕ್ಕನ್ನು ಜನರಿಗೆ ಕೊಟ್ಟಿದ್ದಾರೆ. (ಎಲ್ಲವನ್ನೂ ಅಳಿಸಲೇಬೇಕು ಅಂತ ಇಲ್ಲ. ಕಾನೂನು ಪ್ರಕಾರ ಇಟ್ಟುಕೊಳ್ಳಬೇಕಾದ ಬಿಲ್ಲು, ಲೆಕ್ಕ ಇಟ್ಟುಕೊಳ್ಳಬಹುದು. ಅದು ನ್ಯಾಯವೇ.) ನಮ್ಮ ಕಡೆಗೂ ಅಂಥ ಅರ್ಜಿಗಳು ಬರತೊಡಗಿದವು. ತುಂಬ ಶಿಸ್ತಿನಿಂದ ಕೆಲಸ ಮಾಡಿದೆವು. ಮೊದಲು ‘ಅಳಿಸಲು ಕೇಳಿದವರು’ ಅಂತ ಹೊಸ ಟೇಬಲ್ ಮಾಡಿದೆವು. ಅದರಲ್ಲಿ ಅವರ ಹೆಸರು, ಇಮೇಲ್, ಫೋನು, ವಿಳಾಸ, ಕೇಳಿದ ದಿನ, ಕಾರಣ. ಹಳೇ ಟೇಬಲ್‌ನಲ್ಲಿ ಇಲ್ಲದ ವಿವರವೂ ಇದರಲ್ಲಿ ಸಿಗುತ್ತದೆ, ಯಾಕೆಂದರೆ ಗುರುತು ಖಾತ್ರಿ ಮಾಡಿಕೊಳ್ಳಬೇಕಲ್ಲ ಅಂತ ಅವರ ಗುರುತಿನ ಚೀಟಿಯ ಸ್ಕ್ಯಾನ್ ಕೂಡ ತರಿಸಿಕೊಂಡೆವು. ನಮ್ಮನ್ನು ಮರೆತುಬಿಡಿ ಅಂದವರನ್ನು ನಾವು ಈಗ ಬೇರೆ ಯಾರಿಗಿಂತಲೂ ಚೆನ್ನಾಗಿ ನೆನಪಿಟ್ಟುಕೊಂಡಿದ್ದೇವೆ.

ಇಷ್ಟರ ಮೇಲೂ ಯಾರಾದರೂ ಗಟ್ಟಿ ಮನಸ್ಸು ಮಾಡಿ ನಿಜವಾದ ಡಿಲೀಟ್ ಕೊಟ್ಟರು ಅಂತ ಇಟ್ಟುಕೊಳ್ಳಿ. ಯಂತ್ರಕ್ಕೂ ನಮ್ಮದೇ ಬುದ್ಧಿ. ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸ್ ಸಾಫ್ಟ್‌ವೇರ್‌ನಲ್ಲಿ ಡಿಲೀಟ್ ಕೊಟ್ಟರೆ ಸಾಲು ಆ ಕ್ಷಣಕ್ಕೆ ಡಿಸ್ಕ್‌ನಿಂದ ಹೋಗುವುದಿಲ್ಲ, ಸತ್ತಿದೆ ಅಂತ ಗುರುತು ಬೀಳುತ್ತದೆ ಅಷ್ಟೆ. ಆಮೇಲೆ ವ್ಯಾಕ್ಯೂಮ್ ಅನ್ನುವುದು ಬಂದು ಆ ಜಾಗ ಬಿಡಿಸಿಕೊಡಬೇಕು. ಆಗಲೂ ಫೈಲ್ ಸಾಮಾನ್ಯವಾಗಿ ಚಿಕ್ಕದಾಗುವುದಿಲ್ಲ. ನಾನು ಒಮ್ಮೆ ಅರ್ಧ ಟೇಬಲ್ ಅಳಿಸಿ, ಡಿಸ್ಕ್‌ನಲ್ಲಿ ಒಂದು ಬೈಟ್ ಜಾಗವೂ ಖಾಲಿಯಾಗದ್ದನ್ನು ಮ್ಯಾನೇಜರ್‌ಗೆ ವಿವರಿಸಲು ಹೋಗಿ ಸೋತಿದ್ದೇನೆ. ‘ಹಾಗಾದ್ರೆ ಅಳಿಸಿ ಏನು ಪ್ರಯೋಜನ?’ ಅಂದರು. ಆ ಪ್ರಶ್ನೆ ಇವತ್ತಿಗೂ ನಮ್ಮ ಪಾಲಿಸಿಯ ಮೊದಲ ಸಾಲು.

ಎರಡನೇ ಸಾಲು, ‘ಡಿಸ್ಕ್ ಅಗ್ಗ ಅಲ್ವಾ’. 1956ರಲ್ಲಿ ಐಬಿಎಂ ಹೊರತಂದ ಮೊದಲ ಹಾರ್ಡ್ ಡಿಸ್ಕ್‌ನಲ್ಲಿ ಹಿಡಿಯುತ್ತಿದ್ದದ್ದು ಸುಮಾರು 5 ಎಂಬಿ, ಅದರ ತೂಕ ಒಂದು ಟನ್‌ನ ಆಸುಪಾಸು. ಆ ಕಾಲದವರು ಒಂದು ಸಾಲು ಬರೆಯುವ ಮುಂಚೆ ಇದು ಬೇಕಾ ಅಂತ ಕೇಳಿಕೊಳ್ಳುತ್ತಿದ್ದಿರಬೇಕು. ಈಗ ಕೇಳುವವರಿಲ್ಲ. ಡಿಸ್ಕ್ ಅಗ್ಗ ನಿಜ. ಆದರೆ ಆ ಹತ್ತು ವರ್ಷದ ಕಸವನ್ನು ದಾಟಿಕೊಂಡು ಹೋಗುವ ಕ್ವೆರಿ (ಡೇಟಾಬೇಸ್‌ಗೆ ನಾವು ಕೇಳುವ ಪ್ರಶ್ನೆ) ಅಗ್ಗ ಅಲ್ಲ, ಅದರ ಬ್ಯಾಕಪ್ ಅಗ್ಗ ಅಲ್ಲ, ಕಳ್ಳ ನುಗ್ಗಿದ ದಿನ ಅವನ ಕೈಗೆ ಸಿಗುವ ಗಂಟಂತೂ ಏನೇನೂ ಅಗ್ಗ ಅಲ್ಲ.

ನ್ಯಾಯವಾಗಿ ಹೇಳಬೇಕೆಂದರೆ ನಮ್ಮ ಭಯಕ್ಕೂ ಕಾರಣ ಇದೆ. 2017ರ ಜನವರಿ 31ರ ರಾತ್ರಿ, ಪ್ರೋಗ್ರಾಮರ್‌ಗಳು ಕೋಡ್ ಇಟ್ಟುಕೊಳ್ಳುವ ಗಿಟ್‌ಲ್ಯಾಬ್ ಅನ್ನುವ ತಾಣದ ಎಂಜಿನಿಯರ್ ಒಬ್ಬರು ಕೆಟ್ಟುನಿಂತಿದ್ದ ಎರಡನೇ ಸರ್ವರ್‌ನ ಡೇಟಾ ಅಳಿಸಲು ಹೋಗಿ ಮುಖ್ಯ ಸರ್ವರ್‌ನದ್ದನ್ನೇ ಅಳಿಸಿದರು. ಎಚ್ಚೆತ್ತು ನಿಲ್ಲಿಸುವಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ 4.5 ಜಿಬಿ ಮಾತ್ರ ಉಳಿದಿತ್ತು. ಬ್ಯಾಕಪ್ ಕಡೆ ಓಡಿದರು. ಒಂದಲ್ಲ ಎರಡಲ್ಲ, ಐದು ಥರದ ವ್ಯವಸ್ಥೆ ಇತ್ತು. ಒಂದೂ ಸರಿಯಾಗಿ ಕೈಹಿಡಿಯಲಿಲ್ಲ. ಬ್ಯಾಕಪ್ ತೆಗೆಯುವ ಟೂಲ್‌ನ ವರ್ಷನ್ ಬೇರೆ, ಡೇಟಾಬೇಸ್‌ನ ವರ್ಷನ್ ಬೇರೆ ಆಗಿ ಅದು ದಿನಾ ಸೋಲುತ್ತಿತ್ತು. ಸೋತೆ ಅಂತ ಅದು ಕಳಿಸುತ್ತಿದ್ದ ಮೇಲ್‌ಗಳೂ ತಿರಸ್ಕಾರವಾಗುತ್ತಿದ್ದವು, ಯಾರಿಗೂ ತಲುಪುತ್ತಿರಲಿಲ್ಲ. ಕೊನೆಗೆ ಕಾಪಾಡಿದ್ದು ಯಾವುದು ಗೊತ್ತಾ? ಟೆಸ್ಟಿಂಗ್‌ಗೆ ಇರಲಿ ಅಂತ ಆರು ಗಂಟೆ ಮುಂಚೆ ಕೈಯಾರೆ ತೆಗೆದಿಟ್ಟಿದ್ದ ಒಂದು ಕಾಪಿ. ಅವರು ಇದೆಲ್ಲವನ್ನೂ ಮುಚ್ಚಿಡದೆ ತಾವೇ ಲೋಕಕ್ಕೆ ಹೇಳಿದರು, ದೊಡ್ಡತನ. ಆದರೆ ನಮ್ಮವರು ಅದರಿಂದ ಹೆಕ್ಕಿಕೊಂಡ ಪಾಠ ಬ್ಯಾಕಪ್ ತೆರೆದು ಪರೀಕ್ಷಿಸಿ ಅನ್ನುವುದಲ್ಲ. ಯಾವ ಕಾಪಿಯನ್ನೂ ಬಿಸಾಡಬೇಡಿ ಅನ್ನುವುದು.

ಮೈಎಸ್‌ಕ್ಯುಎಲ್ ಅನ್ನುವ ಇನ್ನೊಂದು ಡೇಟಾಬೇಸ್ ಸಾಫ್ಟ್‌ವೇರ್ ಮಾಡಿದವರಿಗೆ ಮಾತ್ರ ನಮ್ಮ ಯೋಗ್ಯತೆ ಮೊದಲೇ ಗೊತ್ತಿತ್ತು. ಯಾವ ಸಾಲು ಅಂತ ಹೇಳದೆ ಡಿಲೀಟ್ ಕೊಟ್ಟರೆ ತಡೆಯುವ ಒಂದು ಆಪ್ಷನ್ ಇಟ್ಟಿದ್ದಾರೆ, ಅದರ ಇನ್ನೊಂದು ಹೆಸರು ‘ಐ ಆಮ್ ಎ ಡಮ್ಮಿ’. ತಮಾಷೆ ಅಲ್ಲ, ಕೈಪಿಡಿಯಲ್ಲೇ ಇದೆ. ನಾನು ಪೆದ್ದ ಅಂತ ಬರೆದುಕೊಟ್ಟರೆ ಸಿಸ್ಟಮ್ ಕಾಪಾಡುತ್ತದೆ. ನಾನು ದಿನಾ ಬರೆದುಕೊಡುತ್ತೇನೆ.

ಹೋದ ವರ್ಷ ನಮ್ಮಲ್ಲಿ ಕಮಿಟಿ ಆಯಿತು. ಏಳು ವರ್ಷಕ್ಕಿಂತ ಹಳೇ ಡೇಟಾ ತೆಗೆಯುವುದು ಅಂತ ತೀರ್ಮಾನ. ಏಳೇ ಯಾಕೆ ಅಂತ ಯಾರಿಗೂ ಗೊತ್ತಿಲ್ಲ, ಎಲ್ಲರೂ ಹೂಂ ಅಂದರು. ನನಗೂ ಖುಷಿ, ಆರನೇ ಡಬ್ಬಿ ಕೊನೆಗೂ ನೋಡುತ್ತೇನಲ್ಲ ಅಂತ. ಕ್ವೆರಿ ಬರೆದೆ: ಕೊನೆಯ ಬದಲಾವಣೆ ಆಗಿ ಏಳು ವರ್ಷ ದಾಟಿದ ಸಾಲುಗಳು. ಉತ್ತರ ಸೊನ್ನೆ. ಇನ್ನೊಂದು ಸಲ ಓಡಿಸಿದೆ. ಸೊನ್ನೆ. ಕೆದಕಿ ನೋಡಿದರೆ, ದಿನಾ ರಾತ್ರಿ ಎರಡು ಗಂಟೆಗೆ ಒಂದು ಜಾಬ್ (ಹೊತ್ತಿಗೆ ಸರಿಯಾಗಿ ತಾನೇ ನಡೆಯುವ ಪ್ರೋಗ್ರಾಂ) ಓಡುತ್ತದೆ, ಅದು ಪ್ರತಿ ಸಾಲನ್ನೂ ಮುಟ್ಟಿ ‘ಕೊನೆಯ ಬದಲಾವಣೆ’ ಕಾಲಂನಲ್ಲಿ ಇವತ್ತಿನ ತಾರೀಕು ಬರೆಯುತ್ತದೆ. ನಮ್ಮ ಡೇಟಾಗೆ ವಯಸ್ಸೇ ಆಗುವುದಿಲ್ಲ. ಕಮಿಟಿಗೆ ವರದಿ ಹೋಯಿತು: ಹಳೇ ಡೇಟಾ ಯಾವುದೂ ಇಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು.

ಕೊನೆಗೆ ಒಂದು ಟೇಬಲ್ ಆದರೂ ತೆಗೆಯೋಣ ಅಂತ ಹಟ ಹಿಡಿದೆ. ಹೆಸರು ‘ಕಸ್ಟಮರ್_ಮಾಸ್ಟರ್_ನ್ಯೂ_ಫೈನಲ್_2_ಡೋಂಟ್_ಡಿಲೀಟ್’. ಇದನ್ನು ಯಾರಾದರೂ ಬಳಸುತ್ತಿದ್ದೀರಾ ಅಂತ ಎಲ್ಲರಿಗೂ ಮೇಲ್ ಹಾಕಿದೆ. ಮೂರು ಉತ್ತರ ಬಂತು. ‘ನಮ್ಮದಲ್ಲ’. ‘ಬೇಕಾಗಬಹುದು’. ಮೂರನೆಯದು ರಜೆಯಲ್ಲಿದ್ದೇನೆ ಅನ್ನುವ ಆಟೋಮ್ಯಾಟಿಕ್ ಉತ್ತರ. ಸರಿ, ಟೇಬಲ್‌ನ ಹೆಸರು ಬದಲಾಯಿಸಿ ಕಾಯುತ್ತಾ ಕೂತೆ. ಬೇಕಾದವರು ಇದ್ದರೆ ಕಿರುಚುತ್ತಾರೆ. ಇದಕ್ಕೆ ‘ಸ್ಕ್ರೀಮ್ ಟೆಸ್ಟ್’ ಅಂತಲೇ ಹೆಸರು.

ನಲವತ್ತು ದಿನ ಒಬ್ಬರೂ ಉಸಿರೆತ್ತಲಿಲ್ಲ. ನಲವತ್ತೊಂದನೇ ದಿನ, ತಿಂಗಳ ಕೊನೆ, ರಾತ್ರಿ ಫೋನ್ ಬಂತು. ‘ಸಾರ್, ಜಾಬ್ ಒಂದು ಫೇಲ್ ಆಗಿದೆ, ಡ್ಯಾಶ್‌ಬೋರ್ಡ್ ಕೆಂಪಾಗಿದೆ.’ ಎದ್ದು ನೋಡಿದೆ. ಆ ಜಾಬ್‌ನ ಕೆಲಸ ಇಷ್ಟೇ: ಎರಡು ತಿಂಗಳಿಗೊಮ್ಮೆ ಇಡೀ ಟೇಬಲ್ ಎತ್ತಿ ಫೈಲ್ ಮಾಡಿ ಒಬ್ಬರಿಗೆ ಮೇಲ್ ಮಾಡುವುದು. ಆ ಒಬ್ಬರು ಕೆಲಸ ಬಿಟ್ಟು ಆರು ವರ್ಷ ಆಗಿದೆ. ಮೇಲ್ ವಾಪಸ್ ಬರುತ್ತದೆ. ವಾಪಸ್ ಬಂದ ಮೇಲ್ ಅಟ್ಯಾಚ್‌ಮೆಂಟ್ ಸಮೇತ ಇನ್ನೊಂದು ಟೇಬಲ್‌ನಲ್ಲಿ ಸೇರಿಕೊಳ್ಳುತ್ತದೆ. ನಮ್ಮ ಡೇಟಾಬೇಸ್‌ನ ಮೂರನೇ ದೊಡ್ಡ ಟೇಬಲ್ ಯಾಕೆ ಅಷ್ಟು ದೊಡ್ಡದು ಅಂತ ಆವತ್ತು ಗೊತ್ತಾಯಿತು.

ಬೆಳಿಗ್ಗೆ ಮ್ಯಾನೇಜರ್ ಮೇಡಂಗೆ ಎಲ್ಲ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡರು. ‘ಅದೆಲ್ಲ ಸರಿ, ಮಧ್ಯಾಹ್ನ ಡೈರೆಕ್ಟರ್ ಮುಂದೆ ಡ್ಯಾಶ್‌ಬೋರ್ಡ್ ತೋರಿಸ್ಬೇಕು. ಹಸಿರು ಮಾಡಿ’ ಅಂದರು.

ಟೇಬಲ್‌ನ ಹೆಸರು ಮೊದಲಿನ ಹಾಗೇ ಇಟ್ಟೆ. ಜಾಬ್ ಓಡಿತು, ಮೇಲ್ ಹೋಯಿತು, ವಾಪಸ್ ಬಂತು, ಡ್ಯಾಶ್‌ಬೋರ್ಡ್ ಹಸಿರಾಯಿತು. ಹೆಸರು ಬದಲಾಯಿಸುವ ಮುಂಚೆ, ಯಾವುದಕ್ಕೂ ಇರಲಿ ಅಂತ, ಆ ಟೇಬಲ್‌ನದ್ದೊಂದು ಕಾಪಿ ತೆಗೆದಿಟ್ಟುಕೊಂಡೆ.