ತಾತ ವಾಪಸ್ ಬರ್ತಾರಾ?

ಯುರೋಪಿನ ಹಲವು ದೇಶಗಳಿಗೆ ಒಂದೇ ಸಾಕಾಗುವ ಷೆಂಗೆನ್ ವೀಸಾ ಕಥೆ ನಿಮಗೆಲ್ಲ ಗೊತ್ತಿರುವುದೇ, ಮೊದಲಿಂದ ಹೇಳಿ ತಲೆ ತಿನ್ನುವುದಿಲ್ಲ. ಮೂರು ದಿನ ಇಟಲಿಯ ಫ್ಲಾರೆನ್ಸ್ ಸುತ್ತಿ, ಆಮೇಲೆ ನಾಲ್ಕು ದಿನ ಕಿಯಾಂಟಿ ಬೆಟ್ಟದಲ್ಲಿ ಯಾರದೋ ತೋಟದ ಮನೆಯಲ್ಲಿ ಉಂಡು, ವೈನ್ ಕುಡಿದು ಬರೋಣ ಅಂತ ನನ್ನ ಹೆಂಡತಿಗೆ ಆಸೆ. ಆಲ್ದೂರಿನ ತೋಟದ ಮನೆ ಬಿಟ್ಟು ಇನ್ನೊಂದು ತೋಟದ ಮನೆಗೆ ದುಡ್ಡು ಕೊಟ್ಟು ಹೋಗುವುದು ಯಾಕೆ ಅಂತ ಕೇಳಿದೆ. "ನಮ್ಮ ಹೋಂಸ್ಟೇಗೆ ಬರೋ ಬೆಂಗಳೂರಿನವರನ್ನ ಯಾವತ್ತಾದ್ರೂ ಹೀಗೆ ಕೇಳಿದೀರಾ?" ಅಂದಳು. ಕೇಳಿಲ್ಲ.

ಸರಿ, ಪಟ್ಟಿ ಬಂತು. ಬ್ಯಾಂಕ್ ಸ್ಟೇಟ್‌ಮೆಂಟು, ಐಟಿ ರಿಟರ್ನ್ಸು, ತಲಾ 30,000 ಯೂರೋ ವಿಮೆ. ಎಲ್ಲಕ್ಕಿಂತ ಮುಖ್ಯವಾಗಿ, ನಾವು ವಾಪಸ್ ಬರುತ್ತೇವೆ ಎನ್ನುವುದಕ್ಕೆ ಪುರಾವೆ. ಊರಲ್ಲಿ ಆಸ್ತಿ ಇದ್ದರೆ ತೋರಿಸಿ ಅಂದ ಏಜೆಂಟ್ ಹುಡುಗ. ಆಸ್ತಿಗೇನು ಬರ, ಪಹಣಿ ತೆಗೆಸಿದೆ. ಅದರಲ್ಲಿ ಇನ್ನೂ ತಾತನ ಹೆಸರೇ ಕೂತಿದೆ. ಚಿಕ್ಕಪ್ಪ ಸಹಿ ಹಾಕದೆ, ತೀರಿಹೋದವರ ಆಸ್ತಿಯನ್ನು ವಾರಸುದಾರರ ಹೆಸರಿಗೆ ಮಾಡುವ ಪೌತಿ ಖಾತೆ ನಿಂತುಹೋಗಿದೆ. ಆ ಕಾಗದದ ಪ್ರಕಾರ ಚಿಕ್ಕಮಗಳೂರಿಗೆ ವಾಪಸ್ ಬರಲು ಗಟ್ಟಿ ಕಾರಣ ಇರುವುದು ತಾತನಿಗೆ ಮಾತ್ರ. ಅವರು ತೀರಿಕೊಂಡು 19 ವರ್ಷವಾಯಿತು.

ಇನ್ನು ರಿಟರ್ನ್ಸು. ನಾವು ಕಾಫಿಯನ್ನು ಹಣ್ಣು ಒಣಗಿಸಿ ಹಾಗೇ ಮಾರುವವರು, ಅದು ಕೃಷಿ ಆದಾಯ, ಅದಕ್ಕೆ ತೆರಿಗೆ ಇಲ್ಲ, ಹಾಗಾಗಿ ನಾನು ರಿಟರ್ನ್ಸ್ ಹಾಕಿಲ್ಲ. "ಹಾಗಾದ್ರೆ ಆದಾಯಾನೇ ಇಲ್ಲ ಅಂತ ಬರೀಲಾ ಅಂಕಲ್?" ಬರಿ ಮಾರಾಯ. ಈ ಸಲದ ಮಳೆ ನೋಡಿದರೆ ಅದು ಪೂರ್ತಿ ಸುಳ್ಳೂ ಅಲ್ಲ.

ತಮಾಷೆ ಏನು ಅಂದರೆ, ನಮ್ಮ ದೇಶದ ಕಾಫಿಯನ್ನು ಎಲ್ಲರಿಗಿಂತ ಜಾಸ್ತಿ ಕೊಳ್ಳುವುದು ಇಟಲಿಯೇ. ಅವರ ಎಸ್ಪ್ರೆಸೊ ಮೇಲಿನ ನೊರೆಗೆ ನಮ್ಮ ರೋಬಸ್ಟಾ ಬೇಕು. ಬೀಜ ಆರಾಮಾಗಿ ಹಡಗು ಹತ್ತುತ್ತದೆ, ಬೆರಳಚ್ಚು ಕೊಡುವುದಿಲ್ಲ. ಅದಕ್ಕೂ ಕಾಲ ಬಂತು ಬಿಡಿ. ಕಾಡು ಕಡಿದು ಬೆಳೆದದ್ದಲ್ಲ ಅಂತ ತೋರಿಸಲು ತೋಟದ ಜಿಪಿಎಸ್ ಗುರುತು ಕೊಡಿ ಎಂದು ಯುರೋಪಿನವರು 2023ರಲ್ಲೇ ಕಾನೂನು ಮಾಡಿ, ಜಾರಿ ಮಾತ್ರ ಮುಂದೂಡುತ್ತಾ ಬಂದಿದ್ದಾರೆ.

ಕಾಗದ ಹುಡುಕುವಾಗ ಕಿಯಾಂಟಿಯದೊಂದು ಕಥೆ ಸಿಕ್ಕಿತು. ಹಿಂದೆ ಫ್ಲಾರೆನ್ಸಿಗೂ ಸಿಯೆನಾಗೂ ಗಡಿ ತಕರಾರಂತೆ. ಕೋಳಿ ಕೂಗಿದ ಕೂಡಲೇ ಎರಡೂ ಊರಿಂದ ಒಬ್ಬೊಬ್ಬ ಕುದುರೆ ಸವಾರ ಹೊರಡುವುದು, ಇಬ್ಬರೂ ಎದುರಾದ ಜಾಗವೇ ಗಡಿ. ಸಿಯೆನಾದವರು ತಮ್ಮ ಬಿಳಿ ಹುಂಜಕ್ಕೆ ಚೆನ್ನಾಗಿ ತಿನ್ನಿಸಿದರು. ಫ್ಲಾರೆನ್ಸಿನವರು ಕರಿ ಹುಂಜವನ್ನು ಉಪವಾಸ ಕೆಡವಿದರು. ಹಸಿದದ್ದು ಇನ್ನೂ ಕತ್ತಲಿರುವಾಗಲೇ ಕೂಗಿತು, ಕಿಯಾಂಟಿಯ ಬಹುಪಾಲು ಫ್ಲಾರೆನ್ಸಿಗೆ ಸೇರಿತು. ಕಿಯಾಂಟಿ ಕ್ಲಾಸಿಕೊ ವೈನ್ ಬಾಟಲಿ ಮೇಲೆ ಇವತ್ತಿಗೂ ಆ ಕರಿ ಹುಂಜವೇ ನಿಂತಿದೆ. ಒಂದೇ ಕೋಳಿಗೆ ಅಳತೆ, ಗಡಿ, ಪೋಡಿ ಎಲ್ಲ ಮುಗಿಯಿತು ನೋಡಿ! ಸರ್ವೆಗೆ ಬಂದವರಿಗೆ ನಮ್ಮ ಮನೆಯಲ್ಲಿ ಸಾರಾದ ಕೋಳಿಗಳಿಗೆ ಲೆಕ್ಕವಿಲ್ಲ, ಪೋಡಿ ಇನ್ನೂ ಆಗಿಲ್ಲ.

ಅಲ್ಲಿ ಏನು ತಿನ್ನುತ್ತೀರಿ ಅಂತ ಅಮ್ಮ ಕೇಳಿದರು. ರಿಬೊಲ್ಲಿತ ಅಂತ ಒಂದಿದೆ, ನಿನ್ನೆಯ ಬ್ರೆಡ್ಡು, ಕಾಳು, ಕೋಸು ಹಾಕಿ ಮತ್ತೆ ಕುದಿಸುವುದು, ಆ ಹೆಸರಿನ ಅರ್ಥವೇ ಅದು ಅಂದೆ. ಆ ಬ್ರೆಡ್ಡಿಗೆ ಉಪ್ಪೂ ಹಾಕುವುದಿಲ್ಲ ಅಂದೆ. ಅಮ್ಮ ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. "ತಂಗಳು ಸಾರು ಅನ್ನು. ನಿನ್ನೆ ಇಲ್ಲಿ ಬಡಿಸಿದ್ರೆ ತಟ್ಟೆ ದೂಡಿದ್ಯಲ್ಲ."

ನಗುವುದೆಲ್ಲ ಸರಿ. 2024ರಿಂದ ದೊಡ್ಡವರಿಗೆ ವೀಸಾ ಶುಲ್ಕ 90 ಯೂರೋ, ಆರರಿಂದ ಹನ್ನೊಂದು ವರ್ಷದ ಮಕ್ಕಳಿಗೆ 45. ಬೇಡ ಅಂದರೂ ದುಡ್ಡು ಅವರದೇ. ಬರಬೇಡಿ ಅನ್ನಿ, ಬರುವುದಿಲ್ಲ, ನಿಮ್ಮ ದೇಶ ನಿಮ್ಮಿಷ್ಟ. ಆದರೆ ಬಾಗಿಲು ಮುಚ್ಚಿದ್ದಕ್ಕೂ ಬಾಡಿಗೆ ಯಾಕೆ ಕೊಡಬೇಕು? ಬೆಂಗಳೂರಿಗೆ ಹೋಗಿ, ಮಕ್ಕಳನ್ನು ಸಾಲಲ್ಲಿ ನಿಲ್ಲಿಸಿ, ಹುಟ್ಟಿದ ಊರಿಗೆ ವಾಪಸ್ ಬರುತ್ತೇನೆ ಸ್ವಾಮಿ ಎಂದು ಬರೆದುಕೊಡುವಾಗ ಹೊಟ್ಟೆ ಉರಿಯುತ್ತದೆ. ಸಾಕಾಗಿದೆ.

ಆದರೂ ಭಾನುವಾರ ಚಿಕ್ಕಪ್ಪನ ಮನೆಗೆ ಹೋದೆ. ಪೌತಿ ಖಾತೆ ಅರ್ಜಿ ಮುಂದಿಟ್ಟು ವಿಷಯ ಹೇಳಿದೆ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಪೆನ್ನು ತೆಗೆದುಕೊಂಡರು, ಮುಚ್ಚಳ ಬಿಚ್ಚಲಿಲ್ಲ.

"ಅಲ್ಲೋ, ಇಟಲಿಗೆ ನನ್ನ ಟಿಕೆಟ್ಟೂ ಸೇರ್ಸಿದೀಯಾ?"