ರೆಪ್ಪೆ ಬಡಿದರೆ ಜೀವ ಉಂಟು

ಈ ಜಗತ್ತು ನಿಜವೋ, ಯಾರದೋ ಕಂಪ್ಯೂಟರಿನೊಳಗಿನ ಆಟವೋ ಎಂಬ ಚಿಂತೆ ಭೂಮಿಯ ಮೇಲಿನ ಭಾರೀ ಶ್ರೀಮಂತರಿಗೆ ಹತ್ತಿಕೊಂಡು ಕೆಲವು ವರ್ಷವಾಯಿತು. ನಾವು ಅಸಲಿ ಜಗತ್ತಿನಲ್ಲಿರುವ ಸಾಧ್ಯತೆ ನೂರಾರು ಕೋಟಿಯಲ್ಲಿ ಒಂದು ಎಂದು 2016ರಲ್ಲಿ ಇಲಾನ್ ಮಸ್ಕ್ ಹೇಳಿದ್ದರು. ಅದಕ್ಕೂ ಮೊದಲೇ, 2003ರಲ್ಲಿ, ಆಕ್ಸ್‌ಫರ್ಡಿನ ತತ್ವಜ್ಞಾನಿ ನಿಕ್ ಬಾಸ್ಟ್ರಮ್ ತರ್ಕ ಕಟ್ಟಿದ್ದರು: ಮುಂದಿನ ಕಾಲದವರು ತಮ್ಮ ಪೂರ್ವಿಕರ ಬದುಕನ್ನು ಯಂತ್ರದೊಳಗೆ ಲೆಕ್ಕವಿಲ್ಲದಷ್ಟು ಸಲ ಆಡಿಸಿ ನೋಡುವುದಾದರೆ, ಅಸಲಿ ಮನುಷ್ಯರಿಗಿಂತ ಯಂತ್ರದೊಳಗಿನವರೇ ಹೆಚ್ಚಾಗುತ್ತಾರೆ. ಹಾಗಾದರೆ ನಾವು ನೀವು ಯಾವ ಪಟ್ಟಿಯಲ್ಲಿ?

ಪಾಪ, ಅಷ್ಟು ದೂರ ಕೂತು ತಲೆ ಕೆಡಿಸಿಕೊಳ್ಳುವ ಬದಲು ಒಂದು ನವೆಂಬರಿನಲ್ಲಿ ಉಡುಪಿಗೆ ಬಂದಿದ್ದರೆ ಸಾಕಿತ್ತು ಮಾರಾಯ್ರೆ. ಇಲ್ಲಿ ಸೈಬರ್ ಅಂಗಡಿಯ ಹುಡುಗ ಇಂಥ ಪ್ರಶ್ನೆಗಳನ್ನು ಮಧ್ಯಾಹ್ನದ ಊಟಕ್ಕೆ ಮೊದಲೇ ರಾಶಿಗಟ್ಟಲೆ ಇತ್ಯರ್ಥ ಮಾಡುತ್ತಾನೆ.

ವಿಷಯ ಪಿಂಚಣಿದಾರರ ಜೀವನ ಪ್ರಮಾಣ ಪತ್ರದ್ದು. ತಾನು ಸತ್ತಿಲ್ಲವೆಂದು ವರ್ಷಕ್ಕೊಮ್ಮೆ ರುಜುವಾತು ಮಾಡದಿದ್ದರೆ ದುಡ್ಡು ನಿಲ್ಲುತ್ತದೆ. 2014ರ ನವೆಂಬರಿನಿಂದ ಇದನ್ನು ಡಿಜಿಟಲ್ ಆಗಿ, ಯಂತ್ರಕ್ಕೆ ಬೆರಳೊತ್ತಿ ಕೊಡಬಹುದು. ಮುದುಕರನ್ನು ಬ್ಯಾಂಕಿನ ಬಾಗಿಲಿಗೆ ಎಳೆಯುವುದು ಬೇಡ ಎಂಬ ಉದ್ದೇಶ ಒಳ್ಳೆಯದೇ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ನಮ್ಮ ಕರಾವಳಿಯ ಪಿ.ಎಫ್. ಪಿಂಚಣಿದಾರರಲ್ಲಿ ಬೀಡಿ ಕಟ್ಟಿದ ಹೆಂಗಸರು ಎಷ್ಟೋ ಜನ. ಮಡಿಲಲ್ಲಿ ತಡ್ಪೆ, ಅಂದರೆ ಮೊರ, ಇಟ್ಟುಕೊಂಡು ಜೀವಮಾನವಿಡೀ ಎಲೆ ಸುತ್ತಿದ ಬೆರಳಿನಲ್ಲಿ ಗೆರೆ ಎಲ್ಲಿ ಉಳಿಯುತ್ತದೆ? ತಂಬ್ ತಾಗುವುದಿಲ್ಲ. ದುಡಿದದ್ದಕ್ಕೆ ಪಿಂಚಣಿ ಸಿಕ್ಕಿತು, ದುಡಿದದ್ದಕ್ಕೇ ಬೆರಳು ಅಳಿಸಿಹೋಯಿತು. ಎರಡರಲ್ಲಿ ಯಂತ್ರ ನಂಬಿದ್ದು ಎರಡನೆಯದನ್ನು. ಆ ಪಿಂಚಣಿಗೆ 2014ರಲ್ಲಿ ನಿಗದಿಯಾದ ಕನಿಷ್ಠ ಮೊತ್ತ ತಿಂಗಳಿಗೆ 1,000 ರೂಪಾಯಿ. ಮಸ್ಕ್ ಹುಡುಕುತ್ತಿರುವ ಭ್ರಮಾಲೋಕಕ್ಕೆ ಬೇರೆ ಪುರಾವೆ ಬೇಕೆ?

ಬೆರಳಿನ ಗೆರೆ ಅಳಿದವರಿಗೆ 2021ರಲ್ಲಿ ಮುಖದ ದಾರಿ ಬಂತು. ಮೊಬೈಲಿನ ಎದುರು ಕೂತು ಕಣ್ಣು ಮುಚ್ಚಿ ತೆರೆಯಬೇಕು. ಫೋಟೋ ರೆಪ್ಪೆ ಬಡಿಯುವುದಿಲ್ಲ, ಮನುಷ್ಯ ಬಡಿಯುತ್ತಾನೆ, ಆದ್ದರಿಂದ ಜೀವ ಉಂಟು. ಮಿದುಳಿನ ಕೆಲಸವೆಲ್ಲ ತಿಳಿದರೂ ಒಳಗೊಬ್ಬ ಅನುಭವಿಸುವವನು ಯಾಕಿದ್ದಾನೆ ಎಂಬುದನ್ನು 1995ರಲ್ಲಿ ತತ್ವಜ್ಞಾನಿ ಡೇವಿಡ್ ಚಾಮರ್ಸ್ ಪ್ರಜ್ಞೆಯ ಕಠಿಣ ಸಮಸ್ಯೆ ಎಂದು ಕರೆದರು. ಪಂಡಿತರು ಇನ್ನೂ ಜಗಳವಾಡುತ್ತಿದ್ದಾರೆ. ಆ್ಯಪು ಮುಗಿಸಿಬಿಟ್ಟಿದೆ. ಮಲ್ಪೆಯ ಮೀನು ದಕ್ಕೆಯಲ್ಲಿ ಎಗರುವ, ರೆಪ್ಪೆ ಬಡಿಯದ ಬಂಗುಡೆ ಮಾತ್ರ ಈ ಪರೀಕ್ಷೆಯಲ್ಲಿ ಪಾಸಾಗಲಿಕ್ಕಿಲ್ಲ. ಅದೃಷ್ಟಕ್ಕೆ ಅದು ಪಿಂಚಣಿ ಕೇಳುವುದಿಲ್ಲ.

ಇದೆಲ್ಲ ನಡೆಯುತ್ತಿರುವುದು ಯಾವ ಊರಿನಲ್ಲಿ ನೋಡಿ. ಇಲ್ಲೇ ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರು ಜಗತ್ತು ಮಾಯೆಯಲ್ಲ, ಸತ್ಯ ಎಂದು ಹದಿಮೂರನೇ ಶತಮಾನದಲ್ಲೇ ವಾದಿಸಿದರು. ಅವರು ಹೇಳಿದ ಐದು ಭೇದಗಳಲ್ಲಿ ಜೀವಕ್ಕೂ ಜಡಕ್ಕೂ ಇರುವ ಭೇದವೂ ಒಂದು. ನನ್ನ ಸುಖದುಃಖ ನನಗೆ ಗೊತ್ತಾಗುವುದು ಒಳಗಿನ ಸಾಕ್ಷಿಯಿಂದ, ಆ ಸಾಕ್ಷಿ ತಪ್ಪುವುದಿಲ್ಲ ಎಂದೂ ಹೇಳಿದರು. ತಪ್ಪುವುದಿಲ್ಲ, ಸರಿ. ಅಪ್‌ಲೋಡೂ ಆಗುವುದಿಲ್ಲವಲ್ಲ! ಈಗ ಜಡ ಕುರ್ಚಿಯಲ್ಲಿ ಕೂತಿದೆ, ಜೀವ ಆಧಾರ್ ಕಾರ್ಡು ಹಿಡಿದು ಸಾಲಿನಲ್ಲಿ ನಿಂತಿದೆ. ಭೇದ ಹಾಗೇ ಉಳಿದಿದೆ, ಮೇಲು ಕೆಳಗಾಗಿದೆ ಅಷ್ಟೆ.

ತುಳುನಾಡಿನಲ್ಲಿ ಸತ್ತವರಿಗೆ ಈ ಕಷ್ಟವಿಲ್ಲ. ಚಿಕ್ಕಂದಿನಲ್ಲಿ ತೀರಿಕೊಂಡ ಮಕ್ಕಳಿಗೆ ಎಷ್ಟೋ ವರ್ಷದ ಮೇಲೆ ಸಂಬಂಧ ನೋಡಿ, ಬರಿ, ಅಂದರೆ ಗೋತ್ರದಂಥ ಕುಲ, ವಿಚಾರಿಸಿ ಪ್ರೇತ ಮದುವೆ ಮಾಡುತ್ತಾರೆ. 2024ರಲ್ಲಿ ಪುತ್ತೂರಿನ ಕಡೆ ಮೂವತ್ತು ವರ್ಷದ ಹಿಂದೆ ಹೋದ ಮಗುವಿಗೆ ವರ ಬೇಕೆಂದು ಪತ್ರಿಕೆಯಲ್ಲಿ ಜಾಹೀರಾತೇ ಬಂದಿತ್ತು. ಹೊರಗಿನವರು ನಕ್ಕರು. ನಗಲಿ. ಆ ಹುಡುಗಿ ಇದ್ದಾಳೆ ಎನ್ನಲು ಮನೆಯವರ ಮಾತು ಸಾಕಾಯಿತು, ರೆಪ್ಪೆ ಬಡಿ ಎಂದು ಯಾರೂ ಕೇಳಲಿಲ್ಲ.

ಬದುಕಿರುವವರ ಪಾಡು ಬೇರೆ. ಜೆರಾಕ್ಸಿಗೆಂದು ಹೋದವನು ಕಂಡದ್ದು ಹೇಳುತ್ತೇನೆ. ಕಣ್ಣಿನ ಪೊರೆ ತೆಗೆಸಿಕೊಂಡ ಒಬ್ಬ ಅಜ್ಜಿ, ಎದುರು ಮೊಬೈಲ್ ಹಿಡಿದ ಹುಡುಗ.

"ಅಜ್ಜಿ, ಕನ್ನಡಕ ತೆಗೀರಿ. ಹಾಂ, ಈಗ ಕಣ್ಣು ಮುಚ್ಚಿ ತೆಗೀರಿ."

"ಮುಚ್ಚಿದೆ ಮಗಾ."

"ಮುಚ್ಚಿದ್ದು ಸರಿ, ತೆಗೀಲಿಕ್ಕೆ ಲೇಟಾಯ್ತು. ಅದು ಒಪ್ಪುದಿಲ್ಲ."

"ಯಾರಿಗೆ ಒಪ್ಪುದಿಲ್ಲ?"

"ಸರ್ವರಿಗೆ."

ಅಜ್ಜಿ ಅವನ ಹಿಂದೆ ಯಾರಾದರೂ ಕೂತಿದ್ದಾರೋ ಎಂದು ಬಗ್ಗಿ ನೋಡಿದರು. ಅಷ್ಟರಲ್ಲಿ ಸರ್ವರೇ ಹೋಯಿತು. ಪರೀಕ್ಷೆ ಮಾಡುವವನ ಜೀವ ಹೋದಾಗ ಅವನಿಂದ ಪ್ರಮಾಣ ಪತ್ರ ಕೇಳುವ ಕ್ರಮ ಇಲ್ಲ. ಎಲ್ಲರೂ ಬೆಂಚಿನಲ್ಲಿ ಕಾದೆವು. ಅಜ್ಜಿ ಚೀಲದಿಂದ ಎಲೆಯಡಿಕೆ ತೆಗೆದರು. ಗಂಟೆ ಕಳೆದು ಸರ್ವರ್ ಬಂತು, ರೆಪ್ಪೆ ಹೊಂದಿತು, ಹುಡುಗ ಪ್ರಿಂಟು ತೆಗೆದ.

"ಆಯ್ತಜ್ಜಿ. ಒಂದು ವರ್ಷಕ್ಕೆ ಎಂತ ತೊಂದರೆ ಇಲ್ಲ. ಲ್ಯಾಮಿನೇಷನ್ ಮಾಡುದಾ?"

"ಒಂದು ವರ್ಷದ ಜೀವಕ್ಕೆ ಎಂತಕ್ಕೆ ಮಗಾ ಪ್ಲಾಸ್ಟಿಕ್ಕು? ಹಾಗೇ ಕೊಡು."