ಪಟ್ಟಿಗೆ ಸೇರಿದ್ದೀರಿ, ಕೊಳ್ಳುವುದೊಂದು ಬಾಕಿ

ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಮೊಬೈಲ್ ನಂಬರ್ ಹೇಳದೆ ಒಂದು ಜೊತೆ ಕಾಲುಚೀಲ ಕೊಂಡು ಹೊರಬಂದವರು ಯಾರಾದರೂ ಇದ್ದರೆ ಅವರನ್ನು ಟೌನ್‌ಹಾಲ್ ವೃತ್ತದಲ್ಲಿ ನಿಲ್ಲಿಸಿ ಹಾರ ಹಾಕಿ ಸನ್ಮಾನಿಸಬೇಕು. ಗಲ್ಲಾ ಮುಂದೆ ನೋಟು ಚಾಚಿದರೆ ನೋಟನ್ನು ಯಾರೂ ಮೂಸಿ ನೋಡುವುದಿಲ್ಲ. ಮೊದಲು ‘ನಂಬರ್ ಹೇಳಿ ಸಾರ್’. ಕೊಡುವುದಿಲ್ಲ ಎಂದರೆ ಕಂಪ್ಯೂಟರ್ ಮುನಿಸಿಕೊಂಡು ಬಿಲ್ಲನ್ನೇ ಕೊಡುವುದಿಲ್ಲ. ಹೀಗೆ ಕಡ್ಡಾಯ ಮಾಡಬೇಡಿರೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಿನಲ್ಲಿಯೇ ವರ್ತಕರಿಗೆ ಬುದ್ಧಿ ಹೇಳಿತ್ತು. ದೆಹಲಿಯಿಂದ ಹೊರಟ ಆ ಬುದ್ಧಿಮಾತು ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿಗೆಂದು ಇಳಿದದ್ದು ಇನ್ನೂ ಊರೊಳಕ್ಕೆ ಬಂದಿಲ್ಲ.

ಈಗ ನಂಬರ್ ಸಾಲದು, ಇ-ಮೇಲ್ ಬೇಕು. ಇದಕ್ಕೊಂದು ಕಾರಣವೂ ಇದೆ. ಮೊಬೈಲಿಗೆ ರಾಶಿ ರಾಶಿ ಜಾಹೀರಾತು ಮೆಸೇಜ್ ಕಳಿಸಬೇಕಾದರೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ ನಿಯಮದಂತೆ ಕಳಿಸುವವರ ಹೆಸರು, ಮೆಸೇಜಿನ ಒಕ್ಕಣೆ ಎಲ್ಲವನ್ನೂ ಮೊದಲೇ ನೋಂದಾಯಿಸಬೇಕು. ಇ-ಮೇಲಿಗೆ ಆ ಪೀಕಲಾಟವಿಲ್ಲ. ಈ ಗುಟ್ಟನ್ನು ನಮ್ಮ ವರ್ತಕರಿಗೆ ತಿಳಿಸಿದವರು ಬೆಂಗಳೂರಿನಿಂದ ಬಂದ ಒಬ್ಬ ತರಬೇತುದಾರರು. ಹೋಟೆಲೊಂದರ ಮಹಡಿಯಲ್ಲಿ ಭಾನುವಾರದ ಕಾರ್ಯಾಗಾರ, ಪ್ರವೇಶ ಉಚಿತ. ಬಾಗಿಲಲ್ಲಿ ಇ-ಮೇಲ್ ಬರೆದುಕೊಟ್ಟರೆ ಊಟದ ಕೂಪನ್. ಊರಿನ ಸಮಸ್ತ ಗಿರಾಕಿಗಳ ವಿಳಾಸ ಬಲೆಗೆ ಹಾಕಿಕೊಳ್ಳಲು ಬಂದಿದ್ದ ವರ್ತಕರೆಲ್ಲ ಆ ಬಾಗಿಲಲ್ಲಿ ಒಂದೊಂದು ಅಕ್ಷರ ತಪ್ಪಿಸಿ ತಮ್ಮ ವಿಳಾಸ ಬರೆದು, ಕೂಪನ್ ಜೇಬಿಗಿಳಿಸಿ ಒಳಗೆ ಹೋದರು.

ತರಬೇತುದಾರರು ಶುರು ಮಾಡಿದ್ದೇ ಪುರಾಣದಿಂದ. 1978ರಲ್ಲಿ ಗ್ಯಾರಿ ಥುಯರ್ಕ್ ಎಂಬ ಅಮೆರಿಕದ ಕಂಪ್ಯೂಟರ್ ಮಾರಾಟಗಾರ ಇಂಟರ್ನೆಟ್ಟಿನ ಪೂರ್ವಜನಾದ ಅರ್ಪಾನೆಟ್ ಜಾಲದಲ್ಲಿದ್ದ ಸುಮಾರು 400 ಮಂದಿಗೆ ಒಂದೇ ಏಟಿಗೆ ಜಾಹೀರಾತು ಕಳಿಸಿದರು. ಅದರಿಂದ ಕೋಟಿ ಡಾಲರಿಗೂ ಮಿಕ್ಕಿ ವ್ಯಾಪಾರ ಕುದುರಿತೆಂದು ಅವರೇ ಹೇಳಿಕೊಂಡಿದ್ದಾರೆ. ಸಭಾಂಗಣದಲ್ಲಿ ಚಪ್ಪಾಳೆ. ಕೇಳದವರ ಮುಂದೆ ಸರಕು ಸುರಿದಿದ್ದಕ್ಕೆ ಜಾಲ ನೋಡಿಕೊಳ್ಳುತ್ತಿದ್ದ ಅಧಿಕಾರಿಗಳಿಂದ ಥುಯರ್ಕ್ ಬೈಸಿಕೊಂಡರೆಂಬ ಅರ್ಧವನ್ನು ತರಬೇತುದಾರರು ನುಂಗಿಬಿಟ್ಟರು. ಸಮಯದ ಅಭಾವ ಇದ್ದಿರಬೇಕು.

ಆಮೇಲೆ ಬಂದದ್ದು ವಿಧಿವಿಧಾನ. ಮೊದಲು ಏನನ್ನಾದರೂ ಪುಕ್ಕಟೆ ಕೊಟ್ಟು ವಿಳಾಸ ಕಿತ್ತುಕೊಳ್ಳಬೇಕು. ನಂತರ ಸ್ವಾಗತದ ಮೇಲ್, ಅದಾದ ಮೇಲೆ ನಿಮ್ಮ ಕಷ್ಟದ ಕಥೆ, ಅದಾದ ಮೇಲೆ ಸಂತೃಪ್ತ ಗಿರಾಕಿಗಳ ಮಾತು, ಆಮೇಲೆ ‘ಇಂದು ರಾತ್ರಿ ಹನ್ನೆರಡಕ್ಕೆ ಮುಗಿಯುತ್ತದೆ’ ಎಂಬ ಬೆದರಿಕೆ. ತಿಪಟೂರಿನಿಂದ ಬಂದಿದ್ದ ಕೊಬ್ಬರಿ ವ್ಯಾಪಾರಿಯೊಬ್ಬರು ಎದ್ದು ನಿಂತು, ‘ಸ್ವಾಮಿ, ಇದರಲ್ಲಿ ಎಷ್ಟನೆಯ ಮೇಲಿಗೆ ದುಡ್ಡು ಬರುತ್ತದೆ?’ ಎಂದರು. ‘ಏಳನೆಯದಕ್ಕೆ.’ ‘ಅಷ್ಟರಲ್ಲಿ ಕೊಬ್ಬರಿ ಧಾರಣೆ ಇಳಿದಿದ್ದರೆ?’ ತರಬೇತುದಾರರು ನೀರು ಕುಡಿದು ಮುಂದಿನ ಚಿತ್ರ ಹಾಕಿದರು.

ಆ ಚಿತ್ರದಲ್ಲಿ ಒಂದು ಒಳ್ಳೆಯ ಮಾತು ಇತ್ತೆಂದು ಒಪ್ಪಿಕೊಳ್ಳಬೇಕು. ವಿಳಾಸ ಕೊಟ್ಟವರಿಗೆ ಮೊದಲೊಂದು ಮೇಲ್ ಕಳಿಸಿ, ‘ಸೇರಿದ್ದು ನೀವೇ ತಾನೆ, ಹೌದಾದರೆ ಒತ್ತಿ’ ಎಂದು ಕೇಳಿ, ಒತ್ತಿದವರನ್ನು ಮಾತ್ರ ಪಟ್ಟಿಯಲ್ಲಿ ಉಳಿಸಿಕೊಳ್ಳುವುದು. ಮುಂದಿನ ಸಾಲಿನಿಂದ ಆತಂಕದ ದನಿ ಎದ್ದಿತು: ‘ಹಾಗೆ ಮಾಡಿದರೆ ಪಟ್ಟಿಯಲ್ಲಿ ಯಾರು ಉಳಿಯುತ್ತಾರೆ?’ ‘ಬೇಕಾದವರು’ ಎಂದರು ತರಬೇತುದಾರರು. ಇಡೀ ಸಭೆಗೆ ಆ ಉತ್ತರ ಹಿಡಿಸಲಿಲ್ಲ. ಊಟಕ್ಕೆ ಬಿಟ್ಟರು.

ಕಲಿತದ್ದನ್ನು ಮೊದಲು ಕಾರ್ಯರೂಪಕ್ಕೆ ತಂದದ್ದು ಒಂದು ಸೀರೆ ಅಂಗಡಿ. ಆಷಾಢದ ರಿಯಾಯಿತಿ ಮಾರಾಟಕ್ಕೆ ಬಣ್ಣದ ಕಾಗದ ಸುತ್ತಿದ ರಟ್ಟಿನ ಡಬ್ಬ ಬಂದು ಕುಳಿತಿತು. ಮೇಲೊಂದು ಸೀಳು, ಪಕ್ಕದಲ್ಲಿ ದಾರ ಕಟ್ಟಿದ ಪೆನ್ನು, ಗೋಡೆಯ ಮೇಲೆ ಬಹುಮಾನದ ಸ್ಕೂಟರಿನ ಚಿತ್ರ. ಚೀಟಿಯಲ್ಲಿ ಹೆಸರು, ಊರು, ಇ-ಮೇಲ್. ಕೊನೆಯದು ಕಡ್ಡಾಯ. ಗುಬ್ಬಿ ಕಡೆಯಿಂದ ಮೊಮ್ಮಗಳ ಮದುವೆಗೆ ಸೀರೆ ಕೊಳ್ಳಲು ಬಂದ ಅಜ್ಜಿಯನ್ನು ಅಂಗಡಿಯ ಹುಡುಗ ಕೇಳಿದ: ‘ಅಜ್ಜಿ, ನಿಮ್ಮ ಇ-ಮೇಲ್?’

‘ಮನೆಯಲ್ಲಿ ಬಿಟ್ಟು ಬಂದಿದ್ದೇನಪ್ಪ’ ಎಂದರು ಅಜ್ಜಿ.

ಹುಡುಗ ತನ್ನದೇ ವಿಳಾಸ ಬರೆದ. ಅದಾದ ಮೇಲೆ ಬಂದ ಶಿರಾದ ದಂಪತಿಗೂ ಅದನ್ನೇ ಬರೆದ. ಸಂಜೆ ಪಟ್ಟಿಯನ್ನು ಕಂಪ್ಯೂಟರಿಗೆ ಏರಿಸುವಾಗ ಅದು ಒಂದೇ ವಿಳಾಸವನ್ನು ಎರಡು ಸಲ ಒಪ್ಪಲಿಲ್ಲ. ಹುಡುಗ ಬುದ್ಧಿವಂತ. ಜಿಮೇಲ್ ವಿಳಾಸದಲ್ಲಿ ಹೆಸರಿನ ನಡುವೆ ಚುಕ್ಕೆ ಎಲ್ಲಿಟ್ಟರೂ ಗೂಗಲ್ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಮೇಲ್ ಬರುವುದು ಅದೇ ಪೆಟ್ಟಿಗೆಗೆ. ಹನ್ನೆರಡು ಅಕ್ಷರದ ಹೆಸರಿನಲ್ಲಿ ಚುಕ್ಕೆಗಳನ್ನು ಅತ್ತಿತ್ತ ಸರಿಸಿದರೆ ಎರಡು ಸಾವಿರಕ್ಕೂ ಮಿಕ್ಕಿ ವಿಳಾಸ ಹುಟ್ಟುತ್ತವೆ. ಆಷಾಢ ಮುಗಿಯುವ ಹೊತ್ತಿಗೆ ಗುಬ್ಬಿ, ಕುಣಿಗಲ್, ಕೊರಟಗೆರೆ, ಮಧುಗಿರಿಗಳ ಮುತ್ತೈದೆಯರೆಲ್ಲ ಒಬ್ಬನೇ ಹುಡುಗನ ಮೊಬೈಲಿನೊಳಗೆ ವಾಸವಾಗಿದ್ದರು.

ಮೇಲ್‌ಗಳು ಹೊರಟವು. ಓದುಗರನ್ನು ಹೆಸರು ಹಿಡಿದು ಕರೆದರೆ ಆತ್ಮೀಯತೆ ಬೆಳೆಯುತ್ತದೆಂದು ಪಾಠವಾಗಿತ್ತಲ್ಲ. ತಂತ್ರಾಂಶಕ್ಕೆ ಹೆಸರಿನ ಮೊದಲ ತುಂಡೇ ಹೆಸರು. ನಮ್ಮ ಕಡೆಯವರ ಹೆಸರಿನ ಮುಂದಿರುವುದು ಊರಿನ ಇನಿಷಿಯಲ್. ಹಾಗಾಗಿ ಗುಬ್ಬಿಯವರಿಗೂ ಗೂಳೂರಿನವರಿಗೂ ‘ಪ್ರಿಯ ಜಿ ಅವರೇ, ನಿಮ್ಮನ್ನು ತುಂಬ ನೆನೆಸಿಕೊಳ್ಳುತ್ತಿದ್ದೇವೆ’ ಎಂದು ಹೋಯಿತು. ಹೆಸರೇ ತುಂಬದ ಚೀಟಿಗಳಿಗೆ ‘ಪ್ರಿಯ ಮೊದಲಹೆಸರು ಅವರೇ’.

ಈ ಪ್ರೀತಿ ಬೇಡವೆನ್ನುವವರ ಪಾಡು ಬೇರೆ. ಇ-ಮೇಲಿನ ತಳದಲ್ಲಿ ಬಿಳಿಯ ಮೇಲೆ ಬೂದು ಬಣ್ಣದಲ್ಲಿ, ಭೂತಗನ್ನಡಿಗೂ ಸವಾಲಾಗುವ ಅಕ್ಷರದಲ್ಲಿ, ಬಿಡುಗಡೆಯ ಕೊಂಡಿ. ಒತ್ತಿದರೆ ಅಳುವ ಮುಖವೊಂದು ಬಂದು, ‘ಹೌದು, ನನಗೆ ಹಣ ಉಳಿಸುವುದು ಇಷ್ಟವಿಲ್ಲ’ ಎಂದು ಒಪ್ಪಿಕೊಳ್ಳಿ ಎನ್ನುತ್ತದೆ. ಕೇಂದ್ರೀಯ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರಿನಲ್ಲಿ ಪಟ್ಟಿ ಮಾಡಿದ 13 ಬಗೆಯ ಆನ್‌ಲೈನ್ ಕುಟಿಲತನಗಳಲ್ಲಿ ಹೀಗೆ ನಾಚಿಸುವುದೂ ಒಂದು, ಸುಳ್ಳು ಅವಸರ ಹುಟ್ಟಿಸುವುದೂ ಒಂದು. ಅದೇ ವರ್ಷದ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಜನರ ಒಪ್ಪಿಗೆ ಮುಕ್ತವಾಗಿರಬೇಕು, ನಿರ್ದಿಷ್ಟವಾಗಿರಬೇಕು, ವಿಷಯ ತಿಳಿದು ಕೊಟ್ಟದ್ದಾಗಿರಬೇಕು, ಷರತ್ತಿಲ್ಲದ್ದಾಗಿರಬೇಕು, ಸಂದೇಹಕ್ಕೆ ಎಡೆಯಿಲ್ಲದ್ದಾಗಿರಬೇಕು. ಇಷ್ಟು ಗುಣಗಳನ್ನು ನಮ್ಮವರು ಅಳಿಯನಲ್ಲಿಯೂ ಹುಡುಕುವುದಿಲ್ಲ. ಜಿಮೇಲಿನವರಿಗೆ ದಿನಕ್ಕೆ 5,000 ಅಥವಾ ಅದಕ್ಕೂ ಹೆಚ್ಚು ಮೇಲ್ ಕಳಿಸುವವರು ಒಂದೇ ಒತ್ತಿಗೆ ಬಿಡಿಸಿಕೊಳ್ಳುವ ಗುಂಡಿ ಇಡಬೇಕೆಂದು 2024ರಲ್ಲಿ ಗೂಗಲ್ ನಿಯಮ ತಂದಿತು. ‘ನಾವು ಅಷ್ಟು ದೊಡ್ಡವರಲ್ಲ’ ಎಂದು ಸೀರೆ ಅಂಗಡಿಯವರು ಜೀವನದಲ್ಲಿ ಮೊದಲ ಸಲ ವಿನಯದಿಂದ ನುಡಿದರು.

ತಿಂಗಳ ಕೊನೆಗೆ ವರದಿ ಬಂತು. ಪ್ರತಿಯೊಂದು ಮೇಲನ್ನೂ ತಪ್ಪದೆ ತೆರೆಯುವ ನೂರಾರು ನಿಷ್ಠಾವಂತ ಮಹಿಳೆಯರು! ತೆರೆದರೋ ಇಲ್ಲವೋ ತಿಳಿಯಲು ಮೇಲಿನೊಳಗೆ ಕಣ್ಣಿಗೆ ಕಾಣದ ಚುಕ್ಕೆಯಷ್ಟು ಚಿತ್ರ ಅಡಗಿಸಿರುತ್ತಾರೆ. ಚಿತ್ರ ಇಳಿದರೆ ಮೇಲ್ ತೆರೆದಂತೆ. ಈ ಲೆಕ್ಕವೇ ಅಷ್ಟಕ್ಕಷ್ಟೆ. 2021ರಿಂದ ಆಪಲ್ ಫೋನುಗಳ ಮೇಲ್ ಆಪ್, ಅನುಮತಿ ಕೊಟ್ಟಿದ್ದರೆ, ಮನುಷ್ಯ ಓದಲಿ ಬಿಡಲಿ ಚಿತ್ರಗಳನ್ನು ತಾನೇ ಇಳಿಸಿಕೊಂಡಿರುತ್ತದೆ. ಹುಡುಗನದು ಆಪಲ್ ಅಲ್ಲ. ಪರದೆಯ ಮೇಲಿನ ಕೆಂಪು ಅಂಕಿ ಕಂಡರೆ ಅವನಿಗೆ ತಡೆಯುವುದಿಲ್ಲ, ಒಂದೊಂದನ್ನೂ ಒತ್ತಿ ಖಾಲಿ ಮಾಡುತ್ತಾನೆ. ವರದಿ ಕಂಡ ತರಬೇತುದಾರರು ‘ಕಬ್ಬಿಣ ಕಾದಿದೆ, ಬಡಿಯಿರಿ’ ಎಂದರು. ಮಾಲೀಕರು ಆ ನಿಷ್ಠಾವಂತರಿಗೆಲ್ಲ ಶೇಕಡಾ 20ರ ರಿಯಾಯಿತಿ ಕೂಪನ್ ಕಳಿಸಿದರು.

ಕೂಪನ್‌ಗಳೆಲ್ಲ ಹುಡುಗನ ಮೊಬೈಲಿಗೆ ಬಂದು ಬಿದ್ದವು. ಇಪ್ಪತ್ತು ಸೀರೆ ಹರಡಿಸಿಕೊಂಡು ‘ನೋಡಿಕೊಂಡು ಬರುತ್ತೇವೆ’ ಎಂದು ಎದ್ದು ಹೊರಟವರನ್ನು ಅವನು ಮೆಟ್ಟಿಲ ಬಳಿ ತಡೆದು, ‘ಅಕ್ಕ, ಒಂದು ನಿಮಿಷ’ ಎಂದು ಕೂಪನ್ ನಂಬರ್ ಪಿಸುಗುಟ್ಟಿದ. ಅಕ್ಕಂದಿರು ತಿರುಗಿ ಬಂದರು. ಗಲ್ಲಾ ತುಂಬಿತು. ಇ-ಮೇಲ್ ಓದುಗರು ಗಿರಾಕಿಗಳಾದ ಪ್ರಮಾಣ ಕಂಡು ತಂತ್ರಾಂಶವೇ ಪರದೆಯ ಮೇಲೆ ಬಣ್ಣದ ಕಾಗದ ತೂರಿ ಅಭಿನಂದಿಸಿತು.

ಮುಂದಿನ ಕಾರ್ಯಾಗಾರಕ್ಕೆ ಪ್ರವೇಶ ಶುಲ್ಕವಿದೆ. ವೇದಿಕೆಯ ಮೇಲೆ ಸೀರೆ ಅಂಗಡಿಯ ಮಾಲೀಕರಿಗೆ ಶಾಲು, ಪೇಟ, ಜೊತೆಗೆ ಅರ್ಧ ಗಂಟೆಯ ಭಾಷಣ. ಶುಲ್ಕ ಕಟ್ಟಲು ಈಗಾಗಲೇ ಸಾಲು ಹತ್ತಿದೆ. ಮಂಡಿಪೇಟೆಯ ಪಾತ್ರೆ ವ್ಯಾಪಾರಿಯೊಬ್ಬರು ಮಾತ್ರ ಆ ಸಾಲಿಗೆ ಹೋಗದೆ, ಅಂಗಡಿ ಮುಚ್ಚುವ ಹೊತ್ತಿಗೆ ಹುಡುಗನನ್ನು ಪಕ್ಕಕ್ಕೆ ಕರೆದು, ತಿಂಗಳಿಗೆ ಎರಡು ಸಾವಿರ ಹೆಚ್ಚು ಕೊಡುತ್ತೇನೆ, ಬರುವಾಗ ನಿನ್ನ ಮೇಲ್ ಐಡಿಯನ್ನು ಚುಕ್ಕೆಗಳ ಸಮೇತ ತೆಗೆದುಕೊಂಡು ಬಾ ಎಂದಿದ್ದಾರೆ.